ಪೇಟಿಯ ಮುಂದೆ ಪಳಗಿದ ಗಂಟಲು

ಪ್ರಶ್ನೆ: ರಾಜಕುಮಾರ್ ಅವರು ನಲವತ್ತೈದರ ವಯಸ್ಸಿನಲ್ಲಿ ಆಕಸ್ಮಿಕವಾಗಿ ಗಾಯಕರಾದರೆಂದು ಎಲ್ಲರೂ ಬರೆಯುತ್ತಾರೆ. ಹಾಡಲು ಬರುತ್ತಿದ್ದರೆ ಇಪ್ಪತ್ತು ವರ್ಷ ಏಕೆ ಸುಮ್ಮನಿದ್ದರು?
— ಗದಗಿನ ಓದುಗರೊಬ್ಬರು

ಸಂಪಾದಕರ ಉತ್ತರ:

ಮಾನ್ಯರೇ,

ಅವರು ಪೂರ್ತಿ ಸುಮ್ಮನಿರಲಿಲ್ಲ. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿಯೇ ಎಸ್. ಜಾನಕಿಯವರೊಡನೆ ಒಂದು ಯುಗಳಗೀತೆ ಹಾಡಿದ್ದರು. ಇನ್ನು ‘ಆಕಸ್ಮಿಕ’ವೆಂಬ ಮಾತನ್ನು ಗರುಡ ಸದಾಶಿವರಾಯರ ನಾಟಕ ಮಂಡಳಿಯನ್ನು ಕಂಡ ಊರಿನವರಾದ ತಾವು ಒಪ್ಪಬೇಕಾಗಿಲ್ಲ. ರಾಜಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ನಟಿಸುತ್ತಿದ್ದ ಗುಬ್ಬಿ ಕಂಪನಿಯಲ್ಲಿಯೇ ಬಾಲಕ ಮುತ್ತುರಾಜ (ಅವರ ಮೂಲ ಹೆಸರು) ಬಣ್ಣ ಹಚ್ಚಿದ್ದು. ಪೇಟಿ (ಹಾರ್ಮೋನಿಯಂ), ತಬಲಾಗಳ ನಾದವನ್ನು ಮೀರಿ ಕೊನೆಯ ಸಾಲಿನವನಿಗೂ ಸಾಹಿತ್ಯ ಸ್ಪಷ್ಟವಾಗಿ ಕೇಳುವಂತೆ ಹಾಡಲಾರದವನಿಗೆ ಆ ಕಾಲದ ಕಂಪನಿಗಳಲ್ಲಿ ದೊಡ್ಡ ಪಾತ್ರ ಸಿಗುವುದು ದುರ್ಲಭವಾಗಿತ್ತು. ನಮ್ಮ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರೂ ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡಿದವರೇ.

ಹಾಗಾದರೆ ಸಿನಿಮಾದಲ್ಲಿ ತಡವಾದದ್ದೇಕೆ? 1954ರ ‘ಬೇಡರ ಕಣ್ಣಪ್ಪ’ದ ಹೊತ್ತಿಗೆ ನಟಿಸುವವರು ಬೇರೆ, ಹಾಡುವವರು ಬೇರೆ ಎಂಬ ಪದ್ಧತಿ ಬೇರೂರಿತ್ತು, ಕಣ್ಣಪ್ಪನ ಹಾಡಿಗೆ ದನಿ ಕೊಟ್ಟವರು ಸಿ.ಎಸ್. ಜಯರಾಮನ್. ಮುಂದೆ ಪಿ.ಬಿ. ಶ್ರೀನಿವಾಸ್ ಅವರ ಮೃದುವಾದ ಕಂಠ ಆ ಮುಖಕ್ಕೆ ಎಷ್ಟು ಹೊಂದಿತೆಂದರೆ ಅದು ರಾಜಕುಮಾರರದೇ ದನಿಯೆಂದು ನಂಬಿದವರು ಹಳ್ಳಿಗಳಲ್ಲಿ ಕಡಿಮೆಯಿರಲಿಲ್ಲ (ನನ್ನ ಸೋದರಮಾವನೂ ಅವರಲ್ಲೊಬ್ಬ). ಗೆಲ್ಲುತ್ತಿರುವ ಜೋಡಿಯನ್ನು ಯಾವ ನಿರ್ಮಾಪಕರು ಮುರಿದಾರು?

1974ರ ‘ಸಂಪತ್ತಿಗೆ ಸವಾಲ್’ ಬಂದಾಗ ಆದದ್ದು ಬೇರೆ. ಆ ಕಥೆ ನಮ್ಮ ಕಡೆಯ ಕಂಪನಿಗಳು ಊರೂರಿನಲ್ಲಿ ಆಡಿದ, ಪಿ.ಬಿ. ಧುತ್ತರಗಿಯವರ ನಾಟಕದ್ದು ಎಂಬುದನ್ನು ಬೆಂಗಳೂರಿನ ಲೇಖನಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಜಿ.ಕೆ. ವೆಂಕಟೇಶ್ ಅವರು ಸ್ವರ ಹಾಕಿದ ‘ಯಾರೇ ಕೂಗಾಡಲಿ’ಯನ್ನು ಎಮ್ಮೆಯ ಮೇಲೆ ಕುಳಿತ ಹಳ್ಳಿಯ ಹೈದ ಹಾಡಬೇಕಿತ್ತು, ಅಲ್ಲಿ ನಯಕ್ಕಿಂತ ಬಿಚ್ಚುಗಂಟಲು ಮುಖ್ಯ. ಆ ಗಂಟಲು ರಂಗದ ಮೇಲೆ ಎಂದೋ ತಯಾರಾಗಿತ್ತು. ಅವಕಾಶ ಮಾತ್ರ ಆಕಸ್ಮಿಕವಾಗಿರಬಹುದು, ಗಾಯನವಲ್ಲ ಎಂಬುದು ನನ್ನ ಅಭಿಪ್ರಾಯ.

‘ಜೀವನ ಚೈತ್ರ’ದ ‘ನಾದಮಯ’ ಹಾಡಿಗೆ 1992ನೇ ಸಾಲಿನ ರಾಷ್ಟ್ರಪ್ರಶಸ್ತಿ ದೊರೆತದ್ದು ತಮಗೆ ಗೊತ್ತೇ ಇದೆ. ತೋಡಿ ರಾಗದ ಆ ಆಲಾಪವನ್ನು ಹುಬ್ಬಳ್ಳಿ-ಧಾರವಾಡದ ಹಿಂದೂಸ್ತಾನಿ ಕಿವಿಗಳು ಸ್ವಲ್ಪ ಬಿಗಿಯಾಗಿಯೇ ಅಳೆಯುತ್ತವೆ, ಅಳೆಯಲಿ. ಆದರೆ ಎಮ್ಮೆಯ ಮೇಲಿನ ಹಾಡನ್ನೂ ಇದನ್ನೂ ಒಂದರ ಹಿಂದೊಂದು ಕೇಳಿ ನೋಡಿರಿ. ಎರಡರಲ್ಲಿಯೂ ಒಂದಕ್ಷರವೂ ನುಂಗಿಹೋಗುವುದಿಲ್ಲ.