ಆಕಾಶವಾಣಿ ಮೈಸೂರಿನದ್ದೇನಾ?

ದೇಶದ ರೇಡಿಯೋಗೆ ಇರುವ 'ಆಕಾಶವಾಣಿ' ಅನ್ನೋ ಹೆಸರು ಮೈಸೂರಿನದ್ದಾ, ಟಾಗೋರರು ಕೊಟ್ಟಿದ್ದಾ ಅಂತ ಕೇಳಿದ್ರಿ. ಹೌದು, ಆ ಹೆಸರು ಮೈಸೂರಿನದ್ದೇ. ಟಾಗೋರರು ಕೊಟ್ಟಿದ್ದು ಅಂತ ಹೇಳುವವರೂ ಜಾಸ್ತಿ. ಆದರೆ ಟಾಗೋರರು ಆ ಹೆಸರಿನ ಕವಿತೆಯನ್ನು ಕೋಲ್ಕತ್ತಾ ರೇಡಿಯೋ ಕೇಂದ್ರಕ್ಕೆ ಬರೆದಿದ್ದು 1938ರಲ್ಲಿ. ಮೈಸೂರಿನಲ್ಲಿ ಆಗಲೇ ಮೂರು ವರ್ಷದಿಂದ ಆಕಾಶವಾಣಿ ಮಾತಾಡ್ತಿತ್ತು!

1935ರ ಸೆಪ್ಟೆಂಬರ್ 10ರಂದು ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಆ ರೇಡಿಯೋ ಕೇಂದ್ರವನ್ನು ಮೈಸೂರಿನ ತಮ್ಮ ಮನೆಯಲ್ಲೇ ಶುರು ಮಾಡಿದರು. ಟ್ರಾನ್ಸ್‌ಮಿಟರ್ ಬರೀ 30 ವ್ಯಾಟ್. ಹಳೇ ಕಾಲದ 40 ವ್ಯಾಟ್ ಬಲ್ಬಿಗಿಂತ ಕಡಿಮೆ! ಆಮೇಲೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1950ರ ದಶಕದಲ್ಲಿ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು.

ಇನ್ನು ಊರಿನ ಗುರುತಿಗೂ ರೇಡಿಯೋಗೂ ಏನು ಸಂಬಂಧ ಅಂದ್ರಲ್ಲ, ನನಗೆ ನೆನಪಾಗೋದು ಕೋಲಾರ ಜಿಲ್ಲೆಯ ಬೂದಿಕೋಟೆ. ಪ್ರಸಾರಕ್ಕೆ ಬಳಸುವ ರೇಡಿಯೋ ಅಲೆಗಳು ಸಾರ್ವಜನಿಕರ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಹಳ್ಳಿಯವರ ಸಂಘಟನೆಗಳಿಗೆ ರೇಡಿಯೋ ಕೇಂದ್ರ ನಡೆಸೋಕೆ ಲೈಸೆನ್ಸ್ ಸಿಗುವ ದಾರಿ ತೆರೆದಿದ್ದು 2006ರಲ್ಲಿ. ಬೂದಿಕೋಟೆಯ ಸಮುದಾಯ ರೇಡಿಯೋ 'ನಮ್ಮ ಧ್ವನಿ' ಅಷ್ಟು ದಿನ ಸುಮ್ನೆ ಕಾಯಲಿಲ್ಲ. ಕೇಬಲ್ ಎಳೆದು ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿತು. ಪಕ್ಕದ ಮನೆಯವರ ದನಿ, ಅದೇ ಊರಿನ ಕನ್ನಡದಲ್ಲಿ ಮನೆಯೊಳಗೆ ಕೇಳಿಬಂದರೆ ಕಿವಿ ತಾನಾಗೇ ನೆಟ್ಟಗಾಗುತ್ತೆ ಅಲ್ವಾ? ದೊಡ್ಡ ಕೇಂದ್ರದ ತಿದ್ದಿ ತೀಡಿದ ಕನ್ನಡಕ್ಕೆ ಆ ಸಲುಗೆ ಇಲ್ಲ ಅನ್ನೋದು ನನ್ನ ಅನಿಸಿಕೆ.