ಸುತ್ತಿಗೆ ಏಟಿನ ವಿಷಯ ಡಾಕ್ಟರಿಗೆ ಹೇಳಿದಿರಾ?

ಪ್ರಶ್ನೆ: ನಮ್ಮ ಯಜಮಾನರಿಗೆ 36 ವರ್ಷ. ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜ್ ಇದೆ. ಹೋದ ವರ್ಷ ಟ್ರೇಲರಿನಲ್ಲಿ ಸಿಕ್ಕಿಕೊಂಡಿದ್ದ ಪಿನ್ನನ್ನು ಸುತ್ತಿಗೆಯಿಂದ ಹೊಡೆಯುವಾಗ ಬಲಗಣ್ಣಿಗೆ ಏನೋ ಸಿಡಿಯಿತು. ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿಕೊಂಡರು, ಸರಿಹೋಯಿತು. ಈಗ ಆ ಕಣ್ಣು ಮಂಜಾಗಿದೆ, ಕತ್ತಲಾದರೆ ಇನ್ನೂ ಕಡಿಮೆ ಕಾಣುತ್ತದೆ. ಆ ಕಣ್ಣಿನ ಪಾಪೆ ದೊಡ್ಡದಾಗಿದೆ ಅಂತ ಮಗಳು ತೋರಿಸಿದಳು. ಪೊರೆ ಬಂದಿದೆ, ಆಪರೇಷನ್ ಮಾಡಬೇಕು ಅಂದಿದ್ದಾರೆ. ಈ ವಯಸ್ಸಿಗೇ ಪೊರೆ ಬರುತ್ತದಾ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಬರಬಹುದು ತಾಯಿ. ಆದರೆ ಒಂದೇ ಕಣ್ಣಿಗೆ, ಅದೂ ಏಟು ಬಿದ್ದ ಕಣ್ಣಿಗೇ ಬಂದಿದೆ ಅಂದರೆ ಕಾರಣ ಹುಡುಕದೆ ಆಪರೇಷನ್‌ಗೆ ಒಪ್ಪಬೇಡಿ. ನಿಮ್ಮ ಪತ್ರದಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ಆ ಸುತ್ತಿಗೆ.

ಕಬ್ಬಿಣಕ್ಕೆ ಕಬ್ಬಿಣ ಬಡಿದಾಗ ಹಾರುವ ಚೂರು ತುಂಬಾ ಸಣ್ಣದು, ವೇಗ ಜಾಸ್ತಿ. ಕಣ್ಣೊಳಕ್ಕೇ ನುಗ್ಗಿಬಿಡುತ್ತದೆ. ಗಾಯ ತಾನಾಗಿಯೇ ಮುಚ್ಚಿಕೊಳ್ಳಬಹುದು. ನೋವು ಹೋಗುತ್ತದೆ, ತಿಂಗಳುಗಟ್ಟಲೆ ಚೆನ್ನಾಗಿಯೇ ಕಾಣಲೂಬಹುದು. ಅಷ್ಟರಲ್ಲಿ ಒಳಗಿನ ಕಬ್ಬಿಣ ನಿಧಾನಕ್ಕೆ ಕರಗಿ ಪೊರೆ ಕಟ್ಟುವ ಲೆನ್ಸಿಗೆ, ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪರದೆಯಾದ ರೆಟಿನಾಕ್ಕೆ ಇಳಿಯುತ್ತದೆ. ಇದಕ್ಕೆ ಸಿಡರೋಸಿಸ್ ಅನ್ನುತ್ತೇವೆ. ಪೊರೆ, ಹಿಗ್ಗಿದ ಪಾಪೆ, ಕತ್ತಲಲ್ಲಿ ಕಾಣದಿರುವುದು, ಮೂರೂ ಇದಕ್ಕೆ ಹೊಂದುತ್ತವೆ. ಕಣ್ಣು ನೋಡದೆ ನಾನು ಹೌದು ಅನ್ನಲಾರೆ. ಆದರೆ ಇದನ್ನು ಪರೀಕ್ಷೆ ಮಾಡಿಸದೆ ಸುಮ್ನೆ ಬಿಡುವ ಹಾಗಿಲ್ಲ.

ಆಪರೇಷನ್ ಹೇಳಿದ ಡಾಕ್ಟರಿಗೆ ಆ ದಿನದ ಏಟಿನ ವಿಷಯ ಬಿಡಿಸಿ ಹೇಳಿ. "ಅದು ಆವತ್ತೇ ವಾಸಿಯಾಯ್ತಲ್ಲ" ಅಂತ ಯಜಮಾನರು ಬಾಯಿ ಬಿಟ್ಟಿರಲಿಕ್ಕಿಲ್ಲ, ಅಲ್ವಾ? ಪೊರೆ ದಟ್ಟವಾಗಿದ್ದರೆ ಕಣ್ಣಿನ ಹಿಂಭಾಗ ಯಾವ ಡಾಕ್ಟರಿಗೂ ಕಾಣುವುದಿಲ್ಲ. ಚೂರು ಇದೆಯಾ, ಎಲ್ಲಿದೆ ಅನ್ನುವುದಕ್ಕೆ ಕಣ್ಣಿನ ಸಿ.ಟಿ. ಸ್ಕ್ಯಾನ್ ಬೇಕು. ಎಂ.ಆರ್.ಐ. ಮಾತ್ರ ಖಂಡಿತ ಬೇಡ. ಅದರ ಅಯಸ್ಕಾಂತ ಚೂರನ್ನು ಎಳೆದಾಡಿ ಒಳಗೆಲ್ಲ ಹರಿದುಹಾಕಬಹುದು. ಚೂರಿಲ್ಲ ಅಂತ ಖಚಿತವಾಗುವ ತನಕ ಬೆನ್ನುನೋವಿಗೂ ಎಂ.ಆರ್.ಐ.ಗೆ ಕೂರಿಸಬೇಡಿ. ಇ.ಆರ್.ಜಿ. ಅಂತ ಇನ್ನೊಂದು ಪರೀಕ್ಷೆ ಇದೆ, ರೆಟಿನಾದಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂದು ಅದು ಹೇಳುತ್ತದೆ.

ಸಿ.ಟಿ. ನಿಮಗೆ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ, ಈಗ ಕೆ.ಎಂ.ಸಿ.ಆರ್.ಐ. ಆಗಿರುವ ಕಿಮ್ಸ್‌ನಲ್ಲೇ ಆಗುತ್ತದೆ. ಚೂರು ಕಂಡರೆ ರೆಟಿನಾ ತಜ್ಞರ ಕೈಗೇ ಹೋಗಬೇಕು, ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ಅವರಿದ್ದಾರೆ. ಕಣ್ಣೊಳಗಿನ ಲೋಳೆಯನ್ನು ತೆಗೆಯುವ ವಿಟ್ರೆಕ್ಟಮಿ ಎಂಬ ಆಪರೇಷನ್‌ನಲ್ಲಿ ಚಿಮಟದಿಂದಲೋ ಅಯಸ್ಕಾಂತದಿಂದಲೋ ಚೂರು ತೆಗೆಯುತ್ತಾರೆ. ಎಷ್ಟೋ ಸಲ ಪೊರೆಯನ್ನೂ ಆಗಲೇ ತೆಗೆಯುತ್ತಾರೆ. ಬರೀ ಪೊರೆ ತೆಗೆದು ಚೂರು ಒಳಗೇ ಉಳಿದರೆ ರೆಟಿನಾ ಹಾಳಾಗುವುದು ನಿಲ್ಲುವುದಿಲ್ಲ. ದೃಷ್ಟಿ ಎಷ್ಟು ಮರಳುತ್ತದೆ ಅನ್ನುವುದು ರೆಟಿನಾ ಎಷ್ಟು ಉಳಿದಿದೆ ಅನ್ನುವುದರ ಮೇಲಿದೆ, ಅದಕ್ಕೇ ಈ ವಾರವೇ ಹೊರಡಿ. ಆಮೇಲೂ ಕಣ್ಣಿನ ಒತ್ತಡ ನೋಡಿಸುತ್ತಿರಬೇಕು, ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಬರುವುದುಂಟು.

ಎಡಗಣ್ಣನ್ನು ಈಗ ಜೋಪಾನ ಮಾಡಬೇಕು. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕನ್ನಡಕ ಹಾಕದೆ ಅವರು ಸುತ್ತಿಗೆ ಎತ್ತಬಾರದು. ಪಿನ್ನು ಹಿಡಿದು ಪಕ್ಕದಲ್ಲಿ ನಿಲ್ಲುವ ಹುಡುಗನಿಗೂ ಒಂದು ಕೊಡಿಸಿ.