ಕನ್ನಡ ಮಾತಾಡುವ ಮನೆಗಳ ಆದಾಯ ಎಷ್ಟು?

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಎಂ.ಎಸ್. ಓದುತ್ತಿದ್ದೇನೆ. ಇಲ್ಲಿ ಕನ್ನಡ ಮಾತಾಡುವ ಮನೆಗಳ ಆದಾಯ ಎಷ್ಟಿದೆ ಅಂತ ಅಮೆರಿಕದ ಸೆನ್ಸಸ್ ಬ್ಯೂರೋ ನಡೆಸುವ ಅಮೆರಿಕನ್ ಕಮ್ಯುನಿಟಿ ಸರ್ವೆಯ ಟೇಬಲ್‌ಗಳಲ್ಲಿ ಹುಡುಕಿದೆ, ಕನ್ನಡ ಬೇರೆಯಾಗಿ ಸಿಗಲಿಲ್ಲ. ಮೈಕ್ರೋಡೇಟಾ, ಅಂದರೆ ಒಂದೊಂದು ಮನೆಯ, ಒಬ್ಬೊಬ್ಬರ ಉತ್ತರ ಬಿಡಿಬಿಡಿಯಾಗಿರುವ ಫೈಲ್‌ಗಳನ್ನು ಇಳಿಸಿಕೊಂಡು, ಮನೆಗಳ ಫೈಲಿಗೆ ಜನರ ಫೈಲ್ ಜೋಡಿಸಿ, ಕನ್ನಡದವರ ಸಾಲುಗಳನ್ನಷ್ಟೇ ಇಟ್ಟುಕೊಂಡು ಮನೆ ಆದಾಯದ ಸರಾಸರಿ ತೆಗೆದೆ. ರಾಜ್ಯದ ಟೇಬಲ್‌ನಲ್ಲಿರುವ ಅಂಕಿಗಿಂತ ತುಂಬಾ ಜಾಸ್ತಿ ಬರುತ್ತಿದೆ. ಇದನ್ನು ನಂಬಬಹುದಾ?
– ಒಬ್ಬ ವಿದ್ಯಾರ್ಥಿ, ಎಡಿಸನ್

ಉತ್ತರ: ಈಗಲೇ ನಂಬಬೇಡಿ. ನಿಜಕ್ಕೂ ಜಾಸ್ತಿ ಇರಬಹುದು, ಆದರೆ ನೀವು ಲೆಕ್ಕ ಹಾಕಿದ ರೀತಿಯಲ್ಲಿ ಅಂಕಿ ಇನ್ನಷ್ಟು ಉಬ್ಬುತ್ತದೆ.

ಟೇಬಲ್‌ನಲ್ಲಿ ಕನ್ನಡ ಸಿಗದಿದ್ದುದು ನಿಮ್ಮ ತಪ್ಪಲ್ಲ. ಮನೆಮಾತಿನ ಟೇಬಲ್ ಬಿ16001ರಲ್ಲಿ ತೆಲುಗಿಗೂ ತಮಿಳಿಗೂ ಬೇರೆ ಬೇರೆ ಸಾಲು ಇದೆ. ಕನ್ನಡವನ್ನು ಮಲಯಾಳಂ ಮತ್ತು ಉಳಿದ ದ್ರಾವಿಡ ಭಾಷೆಗಳ ಜೊತೆ ಒಂದೇ ಸಾಲಿಗೆ ಸೇರಿಸಿದ್ದಾರೆ. ಮೈಕ್ರೋಡೇಟಾದಲ್ಲಿ ಮಾತ್ರ ಕನ್ನಡಕ್ಕೆ ತನ್ನದೇ ಕೋಡ್ ಇದೆ, ಹಾಗಾಗಿ ನೀವು ಅಲ್ಲಿಗೆ ಹೋಗಿದ್ದು ಸರಿಯೇ. ಒಂದು ಮಾತು: ಭಾಷೆಯ ಪ್ರಶ್ನೆ ಕೇಳುವುದು 5 ವರ್ಷ ತುಂಬಿದವರ ಬಗ್ಗೆ, ಅದೂ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಮಾತಾಡುವವರ ಬಗ್ಗೆ. ಮನೆಯಲ್ಲಿ ಇಂಗ್ಲಿಷೇ ಆಗಿಹೋದ ಕನ್ನಡಿಗರು ನಿಮ್ಮ ಲೆಕ್ಕದೊಳಗೆ ಬರುವುದೇ ಇಲ್ಲ.

ಈಗ ಎಡವಟ್ಟಾದದ್ದು ಎಲ್ಲಿ ಅಂತ ನೋಡೋಣ. ಎರಡೇ ಮನೆ ಇವೆ ಅಂದುಕೊಳ್ಳಿ. ಒಂದರಲ್ಲಿ ಅಜ್ಜ, ಅಜ್ಜಿ, ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗಳು, ಐದೂ ಜನ ಕನ್ನಡದವರು, ಮನೆ ಆದಾಯ 2,00,000 ಡಾಲರ್. ಇನ್ನೊಂದರಲ್ಲಿ ಒಬ್ಬನೇ ಹುಡುಗ, 30,000 ಡಾಲರ್. ಫೈಲ್ ಜೋಡಿಸಿದಾಗ ಮೊದಲನೇ ಮನೆಯ ಎರಡು ಲಕ್ಷ ಐದು ಸಲ ಬಂತು, ಹುಡುಗನದು ಒಂದೇ ಸಲ. ಆರು ಸಾಲಿನ ಸರಾಸರಿ ಸುಮಾರು 1,71,667. ಮನೆಗೊಂದೇ ಸಾಲು ಇಟ್ಟರೆ 1,15,000. ಇನ್ನು ತೂಕ ಸೇರಿಸಿ: ಮೊದಲನೇ ಮನೆ ತನ್ನಂಥ 90 ಮನೆಗಳ ಪರವಾಗಿ ನಿಂತಿದೆ, ಹುಡುಗನ ಮನೆ 150 ಮನೆಗಳ ಪರವಾಗಿ ಅಂತಿದ್ದರೆ, ಸರಾಸರಿ 93,750ಕ್ಕೆ ಇಳಿಯುತ್ತದೆ. ಅದೇ ಎರಡು ಮನೆ, ಮೂರು ಉತ್ತರ! ಇವು ನಾನು ಲೆಕ್ಕ ತೋರಿಸಲು ಹಾಕಿಕೊಂಡ ಅಂಕಿಗಳು, ಆದರೆ ನಿಮ್ಮ ಫೈಲಿನಲ್ಲಿ ಆಗುತ್ತಿರುವುದು ಇದೇ.

ಆದ್ದರಿಂದ ಮನೆಯ ಲೆಕ್ಕಕ್ಕೆ ಮನೆಗೊಂದೇ ಸಾಲು, ತೂಕಕ್ಕೆ ಫೈಲಿನ ಡಬ್ಲ್ಯುಜಿಟಿಪಿ (WGTP) ಕಾಲಂ. ಜನರ ಲೆಕ್ಕಕ್ಕೆ ಪಿಡಬ್ಲ್ಯುಜಿಟಿಪಿ (PWGTP). ಯಾವ ಮನೆಯನ್ನು ಕನ್ನಡದ ಮನೆ ಅಂತೀರಿ ಅನ್ನುವುದನ್ನೂ ಮೊದಲೇ ತೀರ್ಮಾನಿಸಿ: ಯಜಮಾನರು, ಅಂದರೆ ಮನೆ ಯಾರ ಹೆಸರಿನಲ್ಲಿದೆಯೋ ಅವರು, ಕನ್ನಡ ಮಾತಾಡಿದರೆ ಸಾಕಾ, ಯಾರಾದರೂ ಒಬ್ಬರು ಮಾತಾಡಿದರೂ ಸಾಕಾ? ಎರಡೂ ನಡೆಯುತ್ತದೆ, ಯಾವುದು ಅಂತ ಬರೆದಿಡಬೇಕು ಅಷ್ಟೇ. ಖಾಲಿ ಮನೆಗಳೂ ಫೈಲಿನಲ್ಲಿರುತ್ತವೆ, ಅವನ್ನು ತೆಗೆಯಿರಿ. ಕಾಲೇಜ್ ಹಾಸ್ಟೆಲಿನಲ್ಲಿರುವವರಿಗೆ ಮನೆ ಆದಾಯ ಅನ್ನುವುದೇ ಇಲ್ಲ, ಅವರನ್ನು ಸೊನ್ನೆ ಅಂತ ಸೇರಿಸಬೇಡಿ.

ರಾಜ್ಯದ ಅಂಕಿ ಎಲ್ಲಿಂದ ತಂದಿರಿ? ಮನೆ ಆದಾಯದ ಟೇಬಲ್ ಬಿ19013ರಿಂದ ಆದರೆ ಅದು ಸರಾಸರಿಯೇ ಅಲ್ಲ, ಮೀಡಿಯನ್, ಅಂದರೆ ಅರ್ಧ ಮನೆಗಳು ಅದಕ್ಕಿಂತ ಮೇಲೆ, ಅರ್ಧ ಕೆಳಗೆ. ನಾಲ್ಕು ಭಾರೀ ಸಂಬಳದ ಮನೆಗಳು ಬಂದರೆ ಸರಾಸರಿ ಮೇಲೆ ಹಾರುತ್ತದೆ, ಮೀಡಿಯನ್ ಹೆಚ್ಚು ಕಡಿಮೆ ಅಲ್ಲೇ ಇರುತ್ತದೆ. ಹೋಲಿಸುವುದಾದರೆ ನೀವೂ ತೂಕ ಹಾಕಿದ ಮೀಡಿಯನ್ನೇ ತೆಗೆಯಬೇಕು, ಅಲ್ವಾ?

ಡಾಲರನ್ನೂ ಒಂದೇ ಅಳತೆಗೆ ತರಬೇಕು. ಸಂದರ್ಶನ ವರ್ಷವಿಡೀ ನಡೆಯುತ್ತದೆ, ಪ್ರತಿಯೊಬ್ಬರಿಗೂ ಕೇಳುವುದು ಹಿಂದಿನ 12 ತಿಂಗಳ ಆದಾಯ. ಅದಕ್ಕೇ ಎಡಿಜೆಐಎನ್‌ಸಿ (ADJINC) ಅನ್ನುವ ಕಾಲಂ ಕೊಟ್ಟಿದ್ದಾರೆ. ಅದನ್ನು 10 ಲಕ್ಷದಿಂದ ಭಾಗಿಸಿ, ಬಂದದ್ದರಿಂದ ಆದಾಯವನ್ನು ಗುಣಿಸಿ. 5 ವರ್ಷದ ಫೈಲಿನಲ್ಲಂತೂ ಇದನ್ನು ಬಿಡಲೇಬಾರದು. ನೀವು ಬಳಸಬೇಕಾದದ್ದೂ ಆ ಫೈಲೇ: ಒಂದು ವರ್ಷದ್ದರಲ್ಲಿ ಸುಮಾರು ಶೇ 1 ಜನ, ಐದು ವರ್ಷದ್ದರಲ್ಲಿ ಸುಮಾರು ಶೇ 5. ಒಂದೇ ರಾಜ್ಯದ ಕನ್ನಡದವರು ಅಂದರೆ ಒಂದು ವರ್ಷದ ಫೈಲಿನಲ್ಲಿ ಸಿಗುವ ಸಾಲುಗಳು ತೀರಾ ಕಮ್ಮಿ.

ಕನ್ನಡಕ್ಕೆ ಕೈ ಹಾಕುವ ಮೊದಲು ಸೆನ್ಸಸ್ ಬ್ಯೂರೋ ಪ್ರತಿ ಫೈಲಿನ ಜೊತೆ ಕೊಡುವ ತಾಳೆ ನೋಡುವ ಅಂಕಿಗಳನ್ನು ನಿಮ್ಮ ಪ್ರೋಗ್ರಾಂನಿಂದ ತೆಗೆದು ನೋಡಿ. ಅವು ಹಾಗೆಹಾಗೇ ಬರಬೇಕು. ಟೇಬಲ್ ಜೊತೆ ಮಾತ್ರ ಚೂರು ವ್ಯತ್ಯಾಸ ಇದ್ದೇ ಇರುತ್ತದೆ, ಯಾಕೆಂದರೆ ಮೈಕ್ರೋಡೇಟಾದಲ್ಲಿ ಇಡೀ ಸರ್ವೆ ಇಲ್ಲ, ಅದರ ಒಂದು ಭಾಗ ಇದೆ. ಕೊನೆಗೆ ಫೈಲಿನಲ್ಲೇ ಇರುವ 80 ರೆಪ್ಲಿಕೇಟ್ ತೂಕಗಳಿಂದ (ಅದೇ ಸಾಲುಗಳಿಗೆ ಬದಲಿಸಿ ಕೊಟ್ಟ ಬೇರೆ ತೂಕಗಳು) ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿ ಮಾರ್ಜಿನ್ ಆಫ್ ಎರರ್, ಅಂದರೆ ಅಂಕಿ ಎಷ್ಟು ಆಚೀಚೆ ಆಗಬಹುದು ಅನ್ನುವುದನ್ನು ತೆಗೆಯಿರಿ. ಅದಿಲ್ಲದೆ ಸಣ್ಣ ಗುಂಪಿನ ಅಂಕಿಯನ್ನು ದಯವಿಟ್ಟು ಎಲ್ಲೂ ಹಾಕಬೇಡಿ. ಓದಿದವರು ಅದನ್ನೇ ಹಿಡಿದುಕೊಂಡು ಹಂಚುತ್ತಾರೆ.

ಪ್ರಶ್ನೆ: ನಮ್ಮ ಜನಗಣತಿಯಲ್ಲಿ ಮನೆ ಆದಾಯದ ಟೇಬಲ್ ಯಾವುದು? 2011ರದ್ದು ಹುಡುಕಿ ಸಾಕಾಯ್ತು.
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಇಲ್ಲ, ಯಾಕೆಂದರೆ ಕೇಳಿಯೇ ಇಲ್ಲ. 2011ರ ಮನೆಪಟ್ಟಿಯಲ್ಲಿ ಗೋಡೆ, ಚಾವಣಿ, ನೀರು, ಶೌಚಾಲಯ, ಟಿ.ವಿ., ಸೈಕಲ್, ಬ್ಯಾಂಕ್ ಸೌಲಭ್ಯ ಇವೆ. ಅದೇ ಹೊತ್ತಿಗೆ ಬೇರೆಯಾಗಿ ನಡೆದ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯ ಗ್ರಾಮೀಣ ಭಾಗದಲ್ಲಿ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವವರ ತಿಂಗಳ ಆದಾಯ 5,000ಕ್ಕಿಂತ ಕಮ್ಮಿಯಾ, 10,000ದೊಳಗಾ, ಮೇಲಾ ಅಂತಷ್ಟೇ ಬರೆದುಕೊಂಡರು.

ನಿಮಗೆ ಬೇಕಾದದ್ದಕ್ಕೆ ಹತ್ತಿರದ್ದು ಕೇಂದ್ರ ಸರ್ಕಾರದ ಮನೆ ಖರ್ಚಿನ ಸಮೀಕ್ಷೆ. 2023-24ರಲ್ಲಿ 2,61,953 ಮನೆಗಳನ್ನು ಕೇಳಿದ್ದಾರೆ. ದೇಶದ ಸರಾಸರಿ ತಲಾ ತಿಂಗಳ ಖರ್ಚು ಹಳ್ಳಿಯಲ್ಲಿ 4,122 ರೂಪಾಯಿ, ಪೇಟೆಯಲ್ಲಿ 6,996. ಇದನ್ನು ಆದಾಯ ಅಂತ ಬರೆಯಬೇಡಿ, ಉಳಿತಾಯ ಇದರಲ್ಲಿ ಇಲ್ಲ, ಸಾಲ ಮಾಡಿ ಖರ್ಚು ಮಾಡಿದ್ದು ಇದೆ. ಬಿಡಿ ದತ್ತಾಂಶ ಅಂಕಿಅಂಶ ಸಚಿವಾಲಯದ ಮೈಕ್ರೋಡೇಟಾ ತಾಣದಲ್ಲಿ ಹೆಸರು ನೋಂದಾಯಿಸಿದರೆ ದುಡ್ಡಿಲ್ಲದೆ ಸಿಗುತ್ತದೆ. ಅಲ್ಲಿಯೂ ಪ್ರತಿ ಮನೆಗೆ ಒಂದು ಮಲ್ಟಿಪ್ಲೈಯರ್, ಅಂದರೆ ತೂಕ, ಇದೆ. ತಲಾ ಖರ್ಚು ತೆಗೆಯುವಾಗ ಅದರ ಜೊತೆಗೆ ಮನೆಮಂದಿಯ ಸಂಖ್ಯೆಯಿಂದಲೂ ಗುಣಿಸಬೇಕು, ಎಡಿಸನ್‌ನ ವಿದ್ಯಾರ್ಥಿಗೆ ಬೇಡ ಅಂದದ್ದು ಇಲ್ಲಿ ಬೇಕೇ ಬೇಕು, ಯಾಕೆಂದರೆ ಇಲ್ಲಿ ಲೆಕ್ಕ ಮನೆಗಲ್ಲ, ತಲೆಗೆ.